ತೊಲೆಯ ಕೆಳಗೆ ಕಟ್ಟಿದ ದಾರ

ಮದುವೆಯಾಗಿ ನಾನು ಕಿರಂಗೂರಿನಿಂದ ಕೆ.ಆರ್. ಪೇಟೆ ತಾಲ್ಲೂಕಿನ ಹಳ್ಳಿಗೆ ಬಂದಾಗ ಆ ಮನೆಯಲ್ಲಿ ದನಗಳೂ ಮನುಷ್ಯರೂ ಒಂದೇ ಸೂರಿನಡಿ ಇದ್ದರು. ತಲೆಬಾಗಿಲು ದಾಟಿದರೆ ಎಡಕ್ಕೆ ಎತ್ತುಗಳು, ಬಲಕ್ಕೆ ಹಸು, ಅದರಾಚೆ ನಾವು. ಹಸು ನಿಟ್ಟುಸಿರು ಬಿಟ್ಟರೆ ಹಾಸಿಗೆಯಲ್ಲಿದ್ದವರಿಗೆ ಕೇಳಿಸುತ್ತಿತ್ತು. ನಮ್ಮತ್ತೆಗೆ ಅದು ಬೇಕಿತ್ತು. ಹಸುವಿನ ಉಸಿರು ಕೇಳಿಸದಿದ್ದರೆ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳವು. ಊರಿಗೆ ಹಾಲಿನ ಡೈರಿ ಬಂದು, ಮನೆಮನೆಗೂ ಸೀಮೆಹಸು ಬರತೊಡಗಿತ್ತು. ನಾವೂ ಹಳೆಯ ನಾಟಿ ಹಸುವನ್ನು ಮಾರಿ ಎರಡು ತಂದೆವು. ಸೀಮೆಹಸು ನಾಟಿ ಹಸುವಿನ ಹಾಗಲ್ಲ. ಅದಕ್ಕೆ ಗಾಳಿ ಬೇಕು, ತೊಳೆಯುವ ನೆಲ ಬೇಕು, ನಿಲ್ಲಲು ಜಾಗ ಬೇಕು. ಹಾಗಾಗಿ ಮನೆಯ ಹಿಂದೆ ಬೇರೆಯೇ ಕೊಟ್ಟಿಗೆ ಕಟ್ಟಬೇಕೆಂದು ನಮ್ಮ ಮಾವ ತೀರ್ಮಾನಿಸಿದರು. ಮಾವ ಎತ್ತರದ ಆಳು, ಮಾತು ಕಡಿಮೆ. ಒಮ್ಮೆ ಬಾಯಿಂದ ಬಂದ ತೀರ್ಮಾನವನ್ನು ಅವರು ಬದಲಾಯಿಸಿದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ನನ್ನ ಗಂಡ ಪಾಂಡವಪುರದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಪಾಳಿ ಮುಗಿಸಿ ಬಸ್ಸು ಹಿಡಿದು ಬಂದು ಮಲಗುವುದಷ್ಟೇ ಅವರಿಗೆ ಮನೆ. ಹಾಗಾಗಿ ಕೊಟ್ಟಿಗೆಯ ಕೆಲಸವೆಲ್ಲ ನಡೆದದ್ದು ಮಾವ, ಅತ್ತೆ, ನಾನು ಮತ್ತು ಮರಗೆಲಸದ ಆಚಾರ್ರ ನಡುವೆ.

ಕಟ್ಟಬೇಕಿದ್ದದ್ದು ಇಷ್ಟೇ. ಮನೆಯ ಹಿಂಗೋಡೆಗೆ ಆನಿಸಿ ಒಂದೇ ಕಡೆಗೆ ಇಳಿಜಾರಾದ ಮಾಡು. ಎರಡು ಪಕ್ಕಕ್ಕೂ ಮಣ್ಣಿನ ಗೋಡೆ, ಮುಂದೆ ಸಾಲಾಗಿ ಕಲ್ಲುಕಂಬ. ಹಿಂಗೋಡೆಯಿಂದ ಮುಂದಿನ ಕಂಬಗಳವರೆಗೆ ಇಳಿಯುವ ಮರಗಳು ಜಂತೆಗಳು. ಅವುಗಳ ಮೇಲೆ ಅಡ್ಡಡ್ಡ ಬಡಿಯುವ ಪಟ್ಟಿಗಳು ರೀಪುಗಳು, ರೀಪಿನ ಮೇಲೆ ಹೆಂಚು. ಇಷ್ಟುದ್ದದ ಜಂತೆ ನಡುವೆ ಬಾಗಬಾರದಲ್ಲ, ಅದಕ್ಕೆ ಈ ಪಕ್ಕದ ಗೋಡೆಯಿಂದ ಆ ಪಕ್ಕದ ಗೋಡೆಗೆ ಒಂದು ದೊಡ್ಡ ತೊಲೆ. ಇಡೀ ಮಾಡಿನ ಭಾರದಲ್ಲಿ ಅರ್ಧಕ್ಕರ್ಧ ಬಂದು ಕೂರುವುದು ಆ ತೊಲೆಯ ಬೆನ್ನ ಮೇಲೆ. ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ಆಮೇಲೆ ಬೇಡ ಬೇಡವೆಂದರೂ ಗೊತ್ತಾಯಿತು.

ಹೆಂಚು ಮೊದಲೇ ಬಂದುಬಿಟ್ಟಿತ್ತು. ಪೇಟೆಯಲ್ಲಿ ಒಂದು ಹಳೆಯ ಅಕ್ಕಿ ಗಿರಣಿ ಕೆಡವುತ್ತಿದ್ದರು. ಮಾವ ಎರಡು ಗಾಡಿ ಹೆಂಚು ಹೇರಿಸಿಕೊಂಡು ಬಂದು ಹಿತ್ತಿಲಲ್ಲಿ ಜೋಡಿಸಿದ್ದರು. ದಪ್ಪನೆಯ, ಪಾಚಿ ಕಟ್ಟಿ ಕಪ್ಪಾದ ಹೆಂಚು. ಒಂದನ್ನು ಎತ್ತಿದರೆ ಮಣಿಕಟ್ಟು ಸೋಲುತ್ತಿತ್ತು. ಹೆಂಚು ಬಂದಮೇಲೆ ಮರದ ಯೋಚನೆ ಶುರುವಾಯಿತು. ಆಗಬೇಕಿದ್ದದ್ದು ಅದಕ್ಕೆ ತಿರುವುಮುರುವು.

ನನ್ನನ್ನು ನೋಡಲು ಬಂದಿದ್ದ ನಮ್ಮಪ್ಪ ಆ ದಿನ ಅಲ್ಲಿದ್ದದ್ದು ಆಕಸ್ಮಿಕ. ಮಾವ ಮತ್ತು ಆಚಾರ್ರು ನೆಲದ ಮೇಲೆ ಕಡ್ಡಿಯಿಂದ ಗೀಟು ಎಳೆದು ಲೆಕ್ಕ ಹಾಕುತ್ತಿದ್ದರು. ರೀಪಿನ ಅಂತರ ನಮ್ಮ ಕೈಯಲ್ಲಿಲ್ಲ. ಹೆಂಚಿನ ಹಿಂದಿರುವ ಕೊಕ್ಕೆ ಎಲ್ಲಿ ಕೂರುತ್ತದೋ ಅಲ್ಲೇ ರೀಪು ಬರಬೇಕು. ಜಂತೆಯ ದಪ್ಪ, ಒಂದು ಜಂತೆಗೂ ಇನ್ನೊಂದಕ್ಕೂ ನಡುವಿನ ಜಾಗ, ಇವು ಮಾತ್ರ ಮನುಷ್ಯರು ತೀರ್ಮಾನಿಸುವಂಥವು. ಸಾಮಿಲ್ಲಿನಲ್ಲಿ ಮೂರಿಂಚಿನ ಜಂತೆ ಸಿದ್ಧವಾಗಿದೆ, ಎರಡಡಿಗೊಂದು ಹಾಕೋಣ ಎಂದು ಆಚಾರ್ರು ಹೇಳಿದರು. ಮಾವ ತಲೆಯಾಡಿಸಿದರು.

ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಅಪ್ಪ ತಡೆಯಲಾರದೆ ಎದ್ದು ಬಂದರು. "ಬೀಗ್ರೇ, ತಪ್ಪು ತಿಳ್ಕಾಬ್ಯಾಡಿ. ಈ ಹೆಂಚಿಗೆ ಎರಡಡಿಗೊಂದು ಸಾಲಕಿಲ್ಲ. ಒಂದೂವರೆ ಅಡಿಗೊಂದ್ ಕೊಡಿ. ಜಂತೆನೂ ನಾಕಿಂಚು ಇರ್ಲಿ."

"ಮನೆ ಕಟ್ತಿಲ್ಲ ಬೀಗ್ರೇ, ದನಿನ್ ಕೊಟ್ಗೆ ಕಟ್ತಿರೋದು," ಎಂದರು ಮಾವ ನಗುತ್ತಲೇ.

"ಕೆಳಗಿರೋದು ದನ್ವೋ ಜನ್ವೋ ಅಂತ ಹೆಂಚಿಗೇನ್ ಗೊತ್ತಾಯ್ತದೆ?"

ಅಪ್ಪ ಅಷ್ಟಕ್ಕೆ ಸುಮ್ಮನಾಗಲಿಲ್ಲ. ಒಂದು ಹೆಂಚು ತೆಗೆದು ದನಗಳ ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟು ಊಟಕ್ಕೆ ಕೂತರು. ಊಟವಾದ ಮೇಲೆ ಅದನ್ನು ಎತ್ತಿ ನೀರು ಸೋರಿಸಿ ಮಾವನ ಒಂದು ಕೈಗೆ ಕೊಟ್ಟರು, ಇನ್ನೊಂದು ಕೈಗೆ ಒಣ ಹೆಂಚು. ಮಾವ ಎರಡನ್ನೂ ತೂಗಿ ನೋಡಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಅವರ ಮುಖವನ್ನೇ ನೋಡುತ್ತಿದ್ದೆ. ಒದ್ದೆ ಹೆಂಚಿನ ಕೈ ತುಸು ಕೆಳಗಿಳಿದದ್ದು ನನಗೆ ಕಾಣಿಸಿತು. ಮಾವನಿಗೂ ತಿಳಿಯಿತು. ಆದರೆ ಆಚಾರ್ರು ನೋಡುತ್ತಿದ್ದರು, ಬೇಲಿಯಾಚೆ ಪಕ್ಕದ ಮನೆಯವರು ನೋಡುತ್ತಿದ್ದರು, ಹೇಳುತ್ತಿರುವವರು ಹೆಣ್ಣು ಕೊಟ್ಟ ಬೀಗರು.

"ಮಳೇಲಿ ಕುಡೀತದೆ, ಬಿಸ್ಲಿಗೆ ಒಣುಗ್ತದೆ," ಎಂದು ಎರಡನ್ನೂ ಕೆಳಗಿಟ್ಟರು. ಅಪ್ಪ ಮತ್ತೆ ಆ ಮಾತು ಎತ್ತಲಿಲ್ಲ. ಸಂಜೆಯ ಬಸ್ಸಿಗೆ ಹೊರಟುಹೋದರು.

ಇನ್ನು ತೊಲೆ. ನಮ್ಮ ಗದ್ದೆಯ ಏರಿಯ ಮೇಲೆ ಒಂದು ಭಾರಿ ಬೇವಿನ ಮರ ಇತ್ತು. ಹಿಂದಿನ ವರ್ಷ ಸಿಡಿಲು ಬಡಿದು ತುದಿ ಸುಟ್ಟಿತ್ತು. ಬುಡದ ಕಡೆಯ ಬೊಡ್ಡೆ ಗಟ್ಟಿಯಾಗಿದೆ, ಸೀಳಿಸಿದರೆ ಒಳ್ಳೆಯ ತೊಲೆ ಬರುತ್ತದೆ ಎಂದು ಆಚಾರ್ರು ತಟ್ಟಿ ನೋಡಿ ಹೇಳಿದರು. ಅತ್ತೆ ಕೇಳಿಸಿಕೊಂಡವರೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಗೆ ಬಂದರು.

"ಸಿಡ್ಲು ಒಡ್ದಿರೋ ಮರ ಈ ಮನೆ ಅಂಗ್ಳಕ್ ಬಂದ್ರೆ ನಾನು ಇಲ್ಲಿ ಒಂದ್ ತೊಟ್ಟು ನೀರೂ ಕುಡಿಯಕಿಲ್ಲ."

ಅದು ಹಟವಾಗಿರಲಿಲ್ಲ. ಅತ್ತೆಯ ತವರು ನಾಗಮಂಗಲದ ಕಡೆ. ಅವರ ಅಣ್ಣ ಅಂಥದೇ ಮರದಲ್ಲಿ ಬಾಗಿಲ ಚೌಕಟ್ಟು ಮಾಡಿಸಿದ್ದರಂತೆ. ವರ್ಷ ತುಂಬುವುದರೊಳಗೆ ಅದೇ ಬಾಗಿಲಿನಿಂದ ಅವರ ಹೆಣ ಹೊರಗೆ ಹೋಯಿತಂತೆ.  ಮಾವ ಆ ಬೇವನ್ನು ಇಟ್ಟಿಗೆ ಸುಡುವವರಿಗೆ ಕೊಟ್ಟುಬಿಟ್ಟರು. ಒಂದೇ ವಾರದಲ್ಲಿ ಅದು ಗೂಡಿನಲ್ಲಿ ಉರಿದು ಬೂದಿಯಾಯಿತು.

ಕೊನೆಗೆ ತೊಲೆಗೆ ಸಿಕ್ಕಿದ್ದು ತೆಂಗಿನ ಮರ. ತೆಂಗು ಹೊರಗಡೆ ಕಬ್ಬಿಣದಂತೆ, ಒಳಗಿನ ತಿರುಳು ಮೆದು. ಸೀಳಿದ ಎರಡು ಹೋಳನ್ನು ಬೆನ್ನಿಗೆ ಬೆನ್ನು ಕೊಟ್ಟು ಬೋಲ್ಟು ಹಾಕಿದರೆ ಆದೀತು, ಆದರೆ ಮಧ್ಯಕ್ಕೊಂದು ಕಂಬ ಕೊಟ್ಟರೆ ಒಳ್ಳೆಯದು ಎಂದು ಆಚಾರ್ರು ಹೇಳಿದರು. ಕಂಬಕ್ಕೆ ಒಪ್ಪದವರು ನನ್ನ ಗಂಡ. ಮಳೆಗಾಲದಲ್ಲಿ ಗಾಡಿಯನ್ನು ಒಳಗೇ ತಂದು ನಿಲ್ಲಿಸಬೇಕು, ನಟ್ಟನಡುವೆ ಕಂಬ ನಿಂತರೆ ಗಾಡಿ ತಿರುಗಿಸುವುದು ಹೇಗೆ ಎಂದರು. ಅದೂ ಸರಿಯಾದ ಮಾತೇ. ಆಚಾರ್ರಿಗೆ ಬೇರೆ ಊರಲ್ಲಿ ಮದುವೆ ಮನೆಯವರ ಬಾಗಿಲು ಕಿಟಕಿ ಕೆಲಸ ಕಾಯುತ್ತಿತ್ತು. "ಏನೂ ಆಗಕಿಲ್ಲ ಬುಡಿ," ಎಂದು ಉಳಿ ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಹೋದರು. ಒಬ್ಬೊಬ್ಬರ ಮಾತಿಗೂ ಒಂದೊಂದು ಕಾರಣವಿತ್ತು. ಎಲ್ಲರ ಕಾರಣಗಳೂ ಸೇರಿ ಆ ಮಾಡು ಮೇಲೇರಿತು.

ಮೊದಲ ತಿಂಗಳು ಚೆನ್ನಾಗಿತ್ತು. ಗಾಳಿ ಬೆಳಕು ಬಂದು ಹಸುಗಳು ಹಾಲು ಹೆಚ್ಚು ಕೊಟ್ಟವು. ಸುಗ್ಗಿ ಮುಗಿದಾಗ ಹುಲ್ಲು ಇಡಲು ಜಾಗ ಸಾಲದೆ, ಮಾವ ತೊಲೆಯಿಂದ ಹಿಂಗೋಡೆಗೆ ಬಿದಿರು ಹಾಸಿ ಅಟ್ಟ ಮಾಡಿ ಭತ್ತದ ಹುಲ್ಲಿನ ಹೊರೆ ಒಟ್ಟಿದರು. ಹೆಂಚಿನ ಜೊತೆಗೆ ಹುಲ್ಲೂ ಆ ತೊಲೆಯ ಮೇಲೆ ಬಂತು. ಅದಾದ ಕೆಲವು ದಿನಕ್ಕೆ ಸಂಜೆ ಹಾಲು ಕರೆಯುವಾಗ ನಾನು ಮೊದಲ ಸಲ ಆ ಸದ್ದು ಕೇಳಿದ್ದು.

ಬರಿಗಾಲಲ್ಲಿ ಯಾರೋ ಮೇಲೆ ಒಂದು ಹೆಜ್ಜೆ ಇಟ್ಟು, ಕೆಳಗೆ ನಾವಿದ್ದೇವೆಂದು ತಿಳಿದು ನಿಂತುಬಿಟ್ಟ ಹಾಗೆ. ಅಷ್ಟೇ. ಎರಡನೇ ಹೆಜ್ಜೆ ಇಲ್ಲ. ತಂಬಿಗೆಗೆ ಬೀಳುತ್ತಿದ್ದ ಹಾಲಿನ ಸದ್ದು ನಿಲ್ಲಿಸಿ ಕಿವಿಗೊಟ್ಟೆ. ಹಸುವೂ ಮೆಲುಕು ಹಾಕುವುದನ್ನು ನಿಲ್ಲಿಸಿ ಕಿವಿ ಹಿಂದಕ್ಕೆ ಮಾಡಿತ್ತು.

"ಬೆಕ್ಕು ಕಣೆ," ಎಂದರು ಅತ್ತೆ. ಆದರೆ ಸದ್ದು ದಿನಾ ಬರತೊಡಗಿತು. ಹೆಚ್ಚಾಗಿ ಹೊತ್ತು ಇಳಿಯುವಾಗ, ಬಿಸಿಲಿಗೆ ಕಾದ ಮರ ತಣ್ಣಗಾಗುವ ಹೊತ್ತಿಗೆ. ಬೆಳಗ್ಗೆ ಹಸುವಿನ ಬೆನ್ನ ಮೇಲೆ ತೆಳ್ಳಗೆ ಕಂದು ಹುಡಿ ಬಿದ್ದಿರುತ್ತಿತ್ತು. ಒರೆಸುತ್ತಿದ್ದೆ, ಮಾರನೆಯ ದಿನ ಮತ್ತೆ ಇರುತ್ತಿತ್ತು. ಅತ್ತೆ ಒಂದು ಮಂಗಳವಾರ ತೆಂಗಿನಕಾಯಿ ಒಡೆದು, ದೃಷ್ಟಿಗೆಂದು ತೊಲೆಗೆ ಬೂದುಗುಂಬಳಕಾಯಿಯೊಂದನ್ನು ಕಟ್ಟಿದರು. ಆ ಬಡಪಾಯಿ ತೊಲೆಗೆ ಇನ್ನು ಅದೊಂದು ಭಾರ ಬಾಕಿಯಿತ್ತು ಎಂದು ನಾನು ಒಳಗೇ ಅಂದುಕೊಂಡೆ. ನಗು ಮಾತ್ರ ಬರಲಿಲ್ಲ.

ಗೌರಿ ಹಬ್ಬಕ್ಕೆ ಅಪ್ಪ ಬಾಗಿನ ತಂದರು. ಮಾವ ಹೊಲಕ್ಕೆ ಹೋಗಿದ್ದರು, ಅತ್ತೆ ಪೂಜೆಯಲ್ಲಿದ್ದರು. ಹಸು ನೋಡುವ ನೆಪದಲ್ಲಿ ಅಪ್ಪ ನನ್ನ ಜೊತೆ ಕೊಟ್ಟಿಗೆಗೆ ಬಂದರು. ಒಂದು ಪಕ್ಕದ ಗೋಡೆಗೆ ಬೆನ್ನು ಹಚ್ಚಿ ನಿಂತು, ಒಂದು ಕಣ್ಣು ಮುಚ್ಚಿ, ತೊಲೆಯ ಉದ್ದಕ್ಕೂ ನೋಡಿದರು. ಬಹಳ ಹೊತ್ತು ನೋಡಿದರು.

"ಏನಪ್ಪಾ?" ಎಂದೆ.

ಅವರು ಗೂಟಕ್ಕೆ ನೇತುಹಾಕಿದ್ದ ಹುರಿ ದಾರದ ಉಂಡೆ ತೆಗೆದುಕೊಂಡು, ಹಿತ್ತಿಲ ಏಣಿ ತರಿಸಿ, ಈ ಗೋಡೆಯಿಂದ ಆ ಗೋಡೆಗೆ ತೊಲೆಯ ಕೆಳಗೆ ಬಿಗಿಯಾಗಿ ದಾರ ಕಟ್ಟಿದರು. ತೊಲೆಗೂ ದಾರಕ್ಕೂ ನಡುವೆ ತಮ್ಮ ನಾಲ್ಕು ಬೆರಳು ಇಟ್ಟು ಅಳತೆ ನೋಡಿದರು. ಏಣಿ ಇಳಿದು ಬಂದು ನನ್ನ ಹತ್ತಿರ ನಿಂತು ದನಿ ತಗ್ಗಿಸಿದರು.

"ತೊಲೆ ಬಗ್ತಾ ಅದೆ ಕಣವ್ವ. ನಾನ್ ಇನ್ನೊಂದ್ ಸಲ ಬಾಯ್ಬುಟ್ರೆ ನಿಂಗೆ ಈ ಮನೇಲಿ ಬಾಳಾಟ ಕಷ್ಟ ಆಯ್ತದೆ. ನೀನ್ ಡೈಲಿ ಈ ದಾರ ನೋಡ್ತಿರು. ತೊಲೆ ದಾರ ಮುಟ್ಟುದ್ ದಿನ ಒಳಿಕ್ ಹಸ ಕಟ್ಬ್ಯಾಡ. ಯಾರ್ನೂ ಬುಡ್ಬ್ಯಾಡ. ನೀನೂ ಓಗ್ಬ್ಯಾಡ."

ಬಾಗಿನದ ಮೊರದ ಜೊತೆ ನನ್ನ ತವರಿನಿಂದ ಆ ವರ್ಷ ಬಂದದ್ದು ಆ ದಾರ. ಅದರ ಅರ್ಥ ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಅತ್ತೆ ಅದನ್ನು ಬಟ್ಟೆ ಒಣಗಿಸಲು ಕಟ್ಟಿದ್ದೆಂದು ತಿಳಿದು ಗೋಣಿಚೀಲ ಹರವಿದರು. ಅವರು ಅತ್ತ ಹೋದ ಮೇಲೆ ನಾನು ತೆಗೆದೆ. ಹಬ್ಬ ಮುಗಿಯುತ್ತಿದ್ದಂತೆ ಮಳೆ ಹಿಡಿಯಿತು. ಜೋರು ಮಳೆಯಲ್ಲ, ಬಿಡದ ಮಳೆ. ಬಿಸಿಲು ಬರಲಿಲ್ಲ, ಹೆಂಚು ಒಣಗಲಿಲ್ಲ. ಹಾಲು ಕರೆಯಲು ಕೂರುವ ಮೊದಲು ತಲೆಯೆತ್ತಿ ದಾರ ನೋಡುವುದು, ಕರೆದು ಏಳುವಾಗ ಮತ್ತೆ ನೋಡುವುದು ನನಗೆ ರೂಢಿಯಾಯಿತು. ನಾಲ್ಕು ಬೆರಳು ಮೂರಾಯಿತು. ಎರಡಾದಾಗ ಗಂಡನಿಗೆ ಹೇಳಿದೆ.

ಅವರು ಟಾರ್ಚು ಹಿಡಿದು ಬಂದು ನೋಡಿದರು. ಬೈಯಲಿಲ್ಲ, ನಗಲಿಲ್ಲ. ತೊಲೆಯ ಕೆಳಗೆ, ತಾವೇ ಬೇಡವೆಂದ ಕಂಬ ಬರಬೇಕಿದ್ದ ಜಾಗದಲ್ಲಿ ನಿಂತರು. "ನಾಗಮಂಗ್ಲದ ತಾವ ಕಲ್ ಒಡಿಯೋರವ್ರೆ. ಒಂದ್ ಕಲ್ಗಂಬ ಯೋಳ್ತೀನಿ," ಎಂದರು. ಹೇಳಿಯೂ ಹೇಳಿದರು. ಕಂಬ ಕಡಿದು ಸಿದ್ಧವಾಯಿತು. ಆದರೆ ದಾರಿಯೆಲ್ಲ ಕೆಸರಾಗಿ ಟ್ರಾಕ್ಟರು ನಮ್ಮ ಊರಿನ ತಿರುವಿಗೆ ಬರಲಾಗದೆ ನಿಂತುಬಿಟ್ಟಿತು. ಮಳೆ ಬಿಟ್ಟ ತಕ್ಷಣ ತರುತ್ತೇನೆಂದ ಟ್ರಾಕ್ಟರಿನವನನ್ನು ನಾವು ದಿನಾ ಕಾಯುತ್ತಿದ್ದೆವು.

ಕಂಬದ ಮಾತು ಮಾವನ ಕಿವಿಗೆ ಬಿದ್ದಾಗ ದಾರದ ಮಾತೂ ಬಿತ್ತು. ಅವರು ನೆಟ್ಟಗೆ ಕೊಟ್ಟಿಗೆಗೆ ನಡೆದರು. ನಾನು ಹಿಂದೆಯೇ ಓಡಿದೆ.

"ಇದ್ನ ಕಟ್ಟಿದ್ದು ನಿಮ್ಮಪ್ಪನಾ?"

"ಊಂ ಮಾವ."

"ನನ್ ಕೊಟ್ಗೆ ಅಳ್ತೆ ನೋಡಕ್ಕೆ?"

 ಅವರು ಕುಡುಗೋಲು ತಂದು ಒಂದೇ ಎಳೆತಕ್ಕೆ ದಾರ ಕೊಯ್ದರು. ದಾರದ ತುಂಡು ಹಸುವಿನ ಕೊಂಬಿನ ಮೇಲೆ ಬಿದ್ದು ಜೋತಾಡಿತು. ಆ ದಿನ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ನನಗೆ ಅವಮಾನಕ್ಕಿಂತ ಹೆಚ್ಚಾಗಿ ಭಯವಾಯಿತು. ದಾರವಿದ್ದಾಗ ಅಪಾಯ ಎಷ್ಟು ದೂರದಲ್ಲಿದೆ ಎಂದಾದರೂ ಗೊತ್ತಾಗುತ್ತಿತ್ತು. ಈಗ ಅದು ಎಲ್ಲಿ ಬೇಕಾದರೂ ಇರಬಹುದು.

ಮಾರನೆಯ ಬೆಳಗ್ಗೆ ತಂಬಿಗೆ ಹಿಡಿದು ಕೊಟ್ಟಿಗೆಗೆ ಹೋದರೆ ದಾರ ಇದೆ. ಹೊಸ ಹುರಿ, ಮೊದಲಿನದಕ್ಕಿಂತ ಬಿಗಿ. ಅಪ್ಪ ಕಟ್ಟುವ ಗಂಟು ಅದಲ್ಲ. ಎತ್ತಿನ ಮೂಗುದಾರಕ್ಕೆ ಮಾವ ಹಾಕುವ ಗಂಟು. ತೊಲೆಗೂ ದಾರಕ್ಕೂ ನಡುವೆ ಒಂದು ಬೆರಳು ತೂರುವಷ್ಟು ಜಾಗ ಉಳಿದಿತ್ತು. ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ ಮಾವ ನನ್ನ ಕಡೆ ನೋಡಲಿಲ್ಲ, ನಾನೂ ಅವರ ಕಡೆ ನೋಡಲಿಲ್ಲ. ಅಂದೇ ಅವರು ಅಟ್ಟದ ಹುಲ್ಲನ್ನು ಇಳಿಸಲು ಶುರುಮಾಡಿದರು. ಹೊರಗೆ ಮಳೆ, ಇಳಿಸಿದ ಹುಲ್ಲು ಇಡಲು ಒಣ ಜಾಗವಿಲ್ಲ. ಸ್ವಲ್ಪ ಇಳಿಸಿ ನಿಲ್ಲಿಸಬೇಕಾಯಿತು. ಎತ್ತುಗಳನ್ನೂ ಒಂದು ಹಸುವನ್ನೂ ಮನೆಯ ಒಳಗೆ, ಹಳೆಯ ಜಾಗಕ್ಕೆ ಕಟ್ಟಿದರು. ಅದೆಲ್ಲ ಏಕೆಂದು ಅತ್ತೆ ಕೇಳಿದ್ದಕ್ಕೆ, ಸೊಳ್ಳೆ ಹೆಚ್ಚಾಗಿದೆ ಎಂದರು. ಇನ್ನೊಂದು ಹಸು ತುಂಬಿದ ಗಬ್ಬ. ಒಳಗೆ ಅದಕ್ಕೆ ಮಲಗಿ ಏಳಲು ಜಾಗ ಸಾಲದು, ಕರು ಹಾಕುವವರೆಗೆ ಅಲ್ಲೇ ಇರಲಿ ಎಂದು ಅತ್ತೆ ಪಟ್ಟು ಹಿಡಿದರು.

ಅದಕ್ಕೆ ನೋವು ಶುರುವಾದದ್ದು ಒಂದು ಮಧ್ಯಾಹ್ನ. ಮಳೆ ಸ್ವಲ್ಪ ಹೊತ್ತಿಗೆ ಮುಂಚೆ ನಿಂತಿತ್ತು. ಗಾಳಿಯೂ ಇರಲಿಲ್ಲ. ಗಂಡ ಪಾಳಿಗೆ ಹೋಗಿದ್ದರು. ಅತ್ತೆ ಹಸುವಿನ ಪಕ್ಕ ಕೂತು ಅದರ ಹೊಟ್ಟೆ ನೀವುತ್ತಿದ್ದರು. ನಾನು ಬಿಸಿನೀರು ತೆಗೆದುಕೊಂಡು ಕೊಟ್ಟಿಗೆಗೆ ಬಂದವಳು ರೂಢಿಯಂತೆ ತಲೆಯೆತ್ತಿದೆ. ಮೊದಲಿಗೆ ದಾರವೇ ಕಾಣಿಸಲಿಲ್ಲ. ಹತ್ತಿರ ಹೋದಾಗ ಕಂಡಿತು. ನಡುವಿನಲ್ಲಿ ತೊಲೆ ಅದರ ಮೇಲೆ ಕೂತು ಅದನ್ನು ಕೆಳಕ್ಕೆ ಒತ್ತಿತ್ತು. ದಾರ ವೀಣೆಯ ತಂತಿಯಂತೆ ಬಿಗಿದಿತ್ತು.

"ಅತ್ತೆ, ಎದ್ ಬನ್ನಿ ಆಚಿಕೆ," ಎಂದೆ. 

"ನಿಂಗೇನ್ ತಲೆ ಕೆಟ್ಟದಾ? ಕರ ಬರೋ ಒತ್ತು."

"ಮಾಡು ಬೀಳ್ತದೆ ಅತ್ತೆ."

"ಬುಡ್ತು ಅನ್ನು! ಅಪಶಕ್ನ ನುಡೀಬ್ಯಾಡ."

ನಾನು ಮಾವನನ್ನು ಕೂಗಿದೆ. ಅವರು ಬಂದು ದಾರ ನೋಡಿದರು.  ನನಗೆ, "ಅಗ್ಗ ಬಿಚ್ಚವ್ವ," ಎಂದರು. ಆಮೇಲೆ ಹೊರಗೆ ಹೋಗಿ ಗಾಡಿಯ ಪಕ್ಕ ಬಿದ್ದಿದ್ದ ದಪ್ಪನೆಯ ನೀಲಗಿರಿ ಮರದ ಗಳುವೊಂದನ್ನು ಎಳೆದು ತಂದರು. ಅದನ್ನು ತೊಲೆಯ ನಡುವಿಗೆ ಕೊಟ್ಟು ಬುಡವನ್ನು ಹೆಗಲಿನಿಂದ ನೂಕಿ ನೂಕಿ ನೆಟ್ಟಗೆ ನಿಲ್ಲಿಸಿದರು. ನೆಲ ಗಂಜಲದಿಂದ ನೆಂದು ಜಾರುತ್ತಿತ್ತು. ಗಳುವಿನ ಬುಡ ಜಾರದಂತೆ ಅವರು ಪಾದ ಕೊಟ್ಟು, ಎದೆಗೆ ಅವುಚಿಕೊಂಡು ನಿಂತರು.

ಹಸು ಏಳಲಿಲ್ಲ. ನಾನು ಮುಂದಿನಿಂದ ಎಳೆದೆ. ಅತ್ತೆ ನನ್ನನ್ನು ಬೈಯುತ್ತಲೇ ಇದ್ದರು. ಆಗ ಮೇಲೆ ಆ ಹೆಜ್ಜೆಯ ಸದ್ದು ಬಂತು. ಈ ಸಲ ಎರಡನೆಯ ಹೆಜ್ಜೆಯೂ ಬಂತು, ಮೂರನೆಯದೂ. ಅತ್ತೆ ಬೈಯುವುದನ್ನು ನಿಲ್ಲಿಸಿ ಮೇಲೆ ನೋಡಿದರು. ಮಾವನ ಮುಖ ನೋಡಿದರು. ಆ ಮುಖದಲ್ಲಿ ಅವರಿಗೆ ಏನು ಕಂಡಿತೋ, ಎದ್ದು ಹಸುವಿನ ಬಾಲ ತಿರುಚಿ, ಜನ್ಮದಲ್ಲಿ ಹೊಡೆಯದ ಹಸುವಿಗೆ ಅಂಗೈಯಿಂದ ಪಟಪಟನೆ ಬಾರಿಸಿದರು. ಹಸು ಮುಂಗಾಲು ಊರಿ ಎದ್ದಿತು. ಕರುವಿನ ಗೊರಸುಗಳು ಆಗಲೇ ಹೊರಗೆ ಕಾಣುತ್ತಿದ್ದವು. ಅದು ತಡವರಿಸುತ್ತ ಕಂಬಗಳ ಸಾಲು ದಾಟಿ ಹೊರಗೆ ಬಂತು, ನಾವಿಬ್ಬರೂ ಅದರ ಜೊತೆ ಬಂದೆವು.

"ನೀವೂ ಬನ್ನಿ! ಬುಟ್ಬುಟ್ ಬನ್ನಿ ಅದ!" ಎಂದು ಅತ್ತೆ ಕಿರುಚಿದರು.

"ಇನ್ನೂ ದೂರ ಓಗಿ, ನೀವ್ ಮೊದ್ಲು ದೂರ ಓಗಿ," ಎಂದರು ಮಾವ. ಅದು ಕೂಗಾಗಿರಲಿಲ್ಲ. ಉಸಿರಿನಲ್ಲಿ ಹೇಳಿದ ಹಾಗಿತ್ತು.

ನಾವು ಬಾವಿಯ ಕಟ್ಟೆಯವರೆಗೆ ಬಂದೆವು. ಮಾವ ಆ ಗಳುವನ್ನು ಬಿಟ್ಟು ಒಂದು ಹೆಜ್ಜೆ ಇಟ್ಟದ್ದು ಕಂಡಿತು. ಆಮೇಲೆ ತೊಲೆ ನಡುವಿಗೆ ಮುರಿಯಿತು. ಭಾರಿ ಸದ್ದೇನೂ ಆಗಲಿಲ್ಲ. ಕಬ್ಬಿನ ಜಲ್ಲೆ ಮುರಿದಂಥ ಸದ್ದು, ಅದರ ಹಿಂದೆ ಹೆಂಚುಗಳು ಒಂದರ ಮೇಲೊಂದು ಜಾರುವ ಉದ್ದನೆಯ ಸದ್ದು. ಕೆಂಪು ಧೂಳು ಎದ್ದು ಹಸಿ ಗಾಳಿಯಲ್ಲಿ ಮೇಲೇರಲಾಗದೆ ಅಲ್ಲೇ ನಿಂತಿತು.

ಊರವರು ಓಡಿ ಬಂದರು. ಗಂಡಸರು ಹೆಂಚು ಎತ್ತಿ ಎತ್ತಿ ಎಸೆದರು. ಅತ್ತೆ ನನ್ನ ತೋಳು ಹಿಡಿದುಕೊಂಡು ನಿಂತಿದ್ದರು. ಉಗುರು ಊರಿದ ಗುರುತು ವಾರವಾದರೂ ನನ್ನ ತೋಳಲ್ಲಿತ್ತು. ಹೆಂಚಿನ ಕೆಳಗೆ ಜಂತೆ, ಜಂತೆಯ ಕೆಳಗೆ ಹುಲ್ಲು. ಇಳಿಸಲಾಗದೆ ಉಳಿದಿದ್ದ ಹುಲ್ಲಿನ ಹೊರೆಗಳು ಮಾವನ ಮೇಲೆ ಮೊದಲು ಬಿದ್ದಿದ್ದವು. ಅವುಗಳ ಮೇಲೆ ಉಳಿದದ್ದೆಲ್ಲ ಬಿದ್ದಿತ್ತು. ಹುಲ್ಲಿನೊಳಗಿಂದ ಒಂದು ಕೈ ಕಂಡಿತು. ಯಾರೋ ಆ ಕೈ ಹಿಡಿದರು. ಅದು ತಿರುಗಿ ಹಿಡಿಯಿತು.

ಅವರನ್ನು ಮೊದಲು ಪೇಟೆಯ ಆಸ್ಪತ್ರೆಗೆ, ಅಲ್ಲಿಂದ ಮೈಸೂರಿಗೆ ಕರೆದೊಯ್ದರು. ಭುಜದ ಮೂಳೆ ಪುಡಿಯಾಗಿತ್ತು, ಪಕ್ಕೆಲುಬು ಮುರಿದಿತ್ತು. ಇತ್ತ ಅಂಗಳದಲ್ಲಿ ಯಾರೂ ನೋಡದಿರುವಾಗ ಹಸು ಕರು ಹಾಕಿತ್ತು. ನಾವು ನೋಡುವ ಹೊತ್ತಿಗೆ ಕರು ಎದ್ದು ನಿಂತು, ಮೈಯೆಲ್ಲ ಹೆಂಚಿನ ಧೂಳು ಅಂಟಿಸಿಕೊಂಡು, ಕೆಂಪಗೆ ನಡುಗುತ್ತಿತ್ತು.

ಅಪ್ಪ ಮೈಸೂರಿನ ಆಸ್ಪತ್ರೆಗೆ ಬಂದ ದಿನ ನಾನು ಅಲ್ಲಿದ್ದೆ. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಮೋಸಂಬಿ ಸುಲಿದು ಕೊಟ್ಟರೇ ಹೊರತು ಕೊಟ್ಟಿಗೆಯ ಸುದ್ದಿ ಎತ್ತಲಿಲ್ಲ. ಎತ್ತಿದವರು ಮಾವ.

"ಎರಡ್ನೇ ಸಲ ದಾರ ನಾನೇ ಕಟ್ದೆ ಬೀಗ್ರೇ."

"ಗೊತ್ತು. ನಮ್ ಹುಡ್ಗಿ ಯೋಳುದ್ಲು."

"ನೀವ್ ಅವತ್ತು ಯೋಳ್ದಾಗ್ಲೇ ನಂಗೂ ಗೊತ್ತಾಗಿತ್ತು ಕಣಿ. ಕೈಯಲ್ಲೇ ಗೊತ್ತಾಗಿತ್ತು."

ಅಪ್ಪ ಇನ್ನೊಂದು ತೊಳೆ ಬಿಡಿಸಿ ಅವರ ಕೈಗಿಟ್ಟರು.

ಬೇಸಿಗೆಯಲ್ಲಿ ಮತ್ತೆ ಕಟ್ಟಿದೆವು. ಬೀಗರಿಬ್ಬರೂ ಸೇರಿ ಮರ ಆರಿಸಿದರು. ಮತ್ತಿ ಮರದ ನಾಲ್ಕಿಂಚಿನ ಜಂತೆ, ಒಂದೂವರೆ ಅಡಿಗೊಂದು. ನಾಗಮಂಗಲದ ಕಲ್ಲುಕಂಬ ನಟ್ಟನಡುವೆ ನಿಂತಿತು. ಗಾಡಿ ಹೊರಗೇ ಉಳಿಯಿತು. ಆ ಹಸು ಮಾತ್ರ ಬಹಳ ದಿನ ಹೊಸ ಕೊಟ್ಟಿಗೆಯ ಕಂಬಗಳ ಸಾಲು ದಾಟಲಿಲ್ಲ. ಅಲ್ಲಿಯವರೆಗೆ ಬಂದು, ಮೂತಿ ಚಾಚಿ, ಒಳಗಿನ ಗಾಳಿ ಮೂಸಿ ಹಿಂದಕ್ಕೆ ಸರಿಯುತ್ತಿತ್ತು. ಅತ್ತೆ ಅದನ್ನು ಬಲವಂತ ಮಾಡಲು ಯಾರನ್ನೂ ಬಿಡಲಿಲ್ಲ. ಮಾವನ ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಪೇಟ ಸುತ್ತಿಕೊಳ್ಳಲು ಅತ್ತೆಯ ಸಹಾಯ ಬೇಕಿತ್ತು.

ಎರಡು ಮೂರು ವರ್ಷದ ಮೇಲೆ ಅತ್ತೆಯ ತವರಿನ ಕಡೆ ಒಂದು ಮದುವೆಗೆ ಹೋಗಿದ್ದೆವು. ಹಳೆಯ ಹೆಂಚಿನ ಮನೆಯ ದೊಡ್ಡ ಪಡಸಾಲೆಯಲ್ಲಿ ಊಟದ ಪಂಕ್ತಿ. ಮಾವ ಗಂಡಸರ ಸಾಲಿನಲ್ಲಿ, ನಾನು ಎದುರು ಹೆಂಗಸರ ಸಾಲಿನಲ್ಲಿ. ಓಲಗದವರು ಊದುತ್ತಿದ್ದರು, ಹೊರಗೆ ಸಣ್ಣಗೆ ಮಳೆ. ಪಾಯಸ ಬಡಿಸುವ ಹೊತ್ತಿಗೆ ನಾನು ತಲೆಯೆತ್ತಿ ಪಡಸಾಲೆಯ ತೊಲೆ ನೋಡಿದೆ. ಎಲ್ಲಿಗೆ ಹೋದರೂ ಹಾಗೆ ನೋಡುವುದು ಆಗ ಅಭ್ಯಾಸವಾಗಿತ್ತು. ತಲೆ ಇಳಿಸಿದಾಗ ಎದುರಿಗೆ ಮಾವನೂ ಅದೇ ತೊಲೆಯನ್ನು ನೋಡುತ್ತಿದ್ದರು. ಎಲೆಯಲ್ಲಿ ಅನ್ನ ಹಾಗೇ ಇತ್ತು.

ಅವರು ಎದ್ದರು. ಎಡಗೈಯಲ್ಲಿ ಪಂಚೆ ಹಿಡಿದುಕೊಂಡು ಪಂಕ್ತಿ ದಾಟಿ ನನ್ನ ಹತ್ತಿರ ಬಂದು ಬಗ್ಗಿದರು.

"ಏಳು ಮಗಾ, ನಿಮ್ಮತ್ತೆನೂ ಏಳ್ಸು. ಆಚೆ ಚಪ್ಪರದಲ್ಲಿ ಕೂತ್ಕಳವ."

ಉಣ್ಣುವ ಎಲೆ ಬಿಟ್ಟು ಎದ್ದದ್ದಕ್ಕೆ ಮದುವೆ ಮನೆಯವರು ಬೇಸರಪಟ್ಟುಕೊಂಡರು. ಏನು ಕೊರತೆಯಾಯಿತೆಂದು ಕೇಳುತ್ತ ಹಿಂದೆ ಬಂದರು.  ನಾವು ಮೂವರೂ ಸೋರುವ ಸೋಗೆ ಚಪ್ಪರದ ಕೆಳಗೆ, ಭುಜ ನೆನೆಸಿಕೊಂಡು, ಬೇರೆ ಎಲೆ ಹಾಕಿಸಿಕೊಂಡು ಉಂಡೆವು. ಒಳಗೆ ಪಂಕ್ತಿ ನಡೆಯುತ್ತಲೇ ಇತ್ತು. ಆ ಮನೆಗೆ ಅಂದು ಏನೂ ಆಗಲಿಲ್ಲ.